ಬಡವರು ಗ್ಯಾರಂಟಿ ನೋಡಿ, ಉಳ್ಳವರು ವಿಚಾರ ನೋಡಿ ಮತ ಹಾಕುವುದೇಕೆ?

ಬಡವರು ಹಾಗೆಯೇ ಮತ ಹಾಕುತ್ತಾರೆ ಎಂದು ಮೊದಲೇ ತೀರ್ಮಾನಿಸಿಕೊಂಡು ಕಾರಣ ಮಾತ್ರ ಕೇಳುತ್ತಿದ್ದೀರಿ. 2023ರ ವಿಧಾನಸಭಾ ಚುನಾವಣೆಗೆ ಬಂಟ್ವಾಳ ತಾಲೂಕಿನ ನಮ್ಮೂರಿನ ಬೂತ್ ಜವಾಬ್ದಾರಿ ಹೊತ್ತಾಗ ನನ್ನ ತಲೆಯಲ್ಲಿದ್ದದ್ದೂ ಇದೇ.

ಮತದಾರರ ಪಟ್ಟಿ ಸಿಕ್ಕ ರಾತ್ರಿಯೇ ಗುರುತು ಹಾಕಲು ಕುಳಿತೆ. ಬಿಪಿಎಲ್ ಮನೆ ಕಾಂಗ್ರೆಸ್ಸಿಗೆ, ಅಂದರೆ ನಮಗೆ. ಎಪಿಎಲ್ ಮನೆ ಎದುರಾಳಿಗೆ. ನಮ್ಮ ಪಕ್ಷದ ಗ್ಯಾರಂಟಿಗಳೆಂದರೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲಾ ಹತ್ತು ಕಿಲೋ ಅಕ್ಕಿ, ಹೆಂಗಸರಿಗೆ ಬಸ್ಸು ಉಚಿತ. ಇಷ್ಟು ಕೊಡುತ್ತೇವೆಂದ ಮೇಲೆ ಬೀಡಿ ಕಟ್ಟಿ ಬದುಕುವವರು ಬೇರೆ ಕಡೆ ಹೋಗುವುದುಂಟೇ ಎಂಬುದು ನನ್ನ ಲೆಕ್ಕ. ಹಾಗಾಗಿ ಗುರುತು ಬಿದ್ದ ಮನೆಗಳಲ್ಲಿ ಗ್ಯಾರಂಟಿ ಕಾರ್ಡ್ ಕೊಟ್ಟೆನೇ ಹೊರತು ಕುಳಿತು ಮಾತಾಡಲಿಲ್ಲ. ಗುರುತು ಬೀಳದ ಮನೆಗಳ ಅಂಗಳವನ್ನೇ ತುಳಿಯಲಿಲ್ಲ. ಅವುಗಳಲ್ಲಿ ಕೆಲವು, ಉಳುವವನೇ ಹೊಲದೊಡೆಯನೆಂಬ 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಪಡೆದು, ಈಗ ಅಡಿಕೆ ತೋಟ ಮಾಡಿಕೊಂಡಿರುವ ಮನೆಗಳು. ಆಗಿನ ಕಾಂಗ್ರೆಸ್ ಮುಖ್ಯಮಂತ್ರಿ ದೇವರಾಜ ಅರಸರ ಹೆಸರನ್ನು ಅಲ್ಲಿನ ಹಿರಿಯರು ಇಂದಿಗೂ ಗೌರವದಿಂದ ಹೇಳುತ್ತಾರೆ. ನಾವು ಬರಲಿಲ್ಲವೆಂದು ಅವರೂ ಮುನಿಸಿಕೊಂಡರು. ರೇಷನ್ ಕಾರ್ಡಿನಿಂದ ನಾನು ತಿಳಿಯಬಹುದಾಗಿದ್ದದ್ದು ಮನೆಯ ವರಮಾನ ಮಾತ್ರ. ಆ ಮನೆಯವರು ಯಾರ ಮಾತು ಕೇಳುತ್ತಾರೆ, ಯಾರ ಋಣ ನೆನೆಯುತ್ತಾರೆ ಎಂಬುದನ್ನು ಹೋಗಿ ಕೇಳಬೇಕಿತ್ತು. ಕೇಳಲಿಲ್ಲ.

ಒಬ್ಬ ಅಕ್ಕ ಕೇಳದೆಯೂ ಹೇಳಿದ್ದರು. ಮಡಿಲಲ್ಲಿ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ. ಬೀಡಿಗೆ ನೂಲು ಸುತ್ತುವುದನ್ನು ನಿಲ್ಲಿಸದೆಯೇ, "ದುಡ್ಡು ಬೇಡ ಎನ್ನುವಷ್ಟು ದೊಡ್ಡವರಲ್ಲ ಮಾರಾಯ ನಾವು. ಆದರೆ ಇವರಿಗೆ ಎದೆನೋವು ಬಂದ ರಾತ್ರಿ ಆಸ್ಪತ್ರೆಗೆ ಕರೆದೊಯ್ದದ್ದು ಭಜನಾ ಮಂದಿರದ ಹುಡುಗರು" ಎಂದರು. ನಾನು ತಲೆಯಾಡಿಸಿ, ಗುರುತು ಅಳಿಸದೆ ಮುಂದಿನ ಮನೆಗೆ ಹೋದೆ.

ಖಚಿತ ಮುನ್ನಡೆ ಎಂದು ಬರೆದುಕೊಟ್ಟಿದ್ದ ಬೂತಿನಲ್ಲಿ ಹಿಂದೆ ಬಿದ್ದೆವು. ರಾಜ್ಯದಲ್ಲಿ 135 ಸ್ಥಾನ ಗೆದ್ದ ಪಕ್ಷಕ್ಕೆ ದಕ್ಷಿಣ ಕನ್ನಡದ ಎಂಟರಲ್ಲಿ ಸಿಕ್ಕಿದ್ದು ಎರಡೇ. ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದಿದ್ದ ನನ್ನ ಮಾತನ್ನು ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದಕ್ಷಿಣ ಕನ್ನಡ ತಲಾ ಆದಾಯದಲ್ಲಿ ಮುಂದಿರುವ ಜಿಲ್ಲೆ, ಅದಕ್ಕೇ ಹಾಗೆ ಎನ್ನುತ್ತೀರೇನೋ. ಜಿಲ್ಲೆಯ ಸರಾಸರಿ ಆ ಅಕ್ಕನ ಕೈಗೆ ಬರುವುದಿಲ್ಲ. ಬಡವರಿಗೆ ಬ್ಯಾಂಕ್ ಸಾಲ ಹಂಚಿದ ಸಾಲಮೇಳಗಳಿಂದ ದೇಶಕ್ಕೇ ಪರಿಚಿತರಾದ ಕಾಂಗ್ರೆಸ್ಸಿನ ಜನಾರ್ದನ ಪೂಜಾರಿಯವರನ್ನು ಲೋಕಸಭೆಗೆ 1977ರಿಂದ 1989ರವರೆಗೆ ನಾಲ್ಕು ಬಾರಿ ಗೆಲ್ಲಿಸಿದ್ದು ಇದೇ ಕರಾವಳಿ. 1991ರಿಂದ ಇಲ್ಲಿಯ ಲೋಕಸಭಾ ಸ್ಥಾನ ಬಿಜೆಪಿಯದ್ದು. ಇತ್ತ ಹಿಂದುಳಿದ ಕಲ್ಯಾಣ ಕರ್ನಾಟಕದ ಲೋಕಸಭಾ ಸ್ಥಾನಗಳಾದ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ 2019ರಲ್ಲಿ ಬಿಜೆಪಿಗೆ, 2024ರಲ್ಲಿ ಐದೂ ಕಾಂಗ್ರೆಸ್ಸಿಗೆ. ಗ್ಯಾರಂಟಿಯೇ ಕಾರಣವೆನ್ನುವುದಾದರೆ, ಅದೇ 2,000 ರೂಪಾಯಿ ನಮ್ಮೂರಿಗೂ ಬಂದಿತ್ತು. ಕಲಬುರಗಿಯಲ್ಲಿ ಕಾಂಗ್ರೆಸ್ ನಾಯಕ ಮಲ್ಲಿಕಾರ್ಜುನ ಖರ್ಗೆಯವರು ಊರಿನ ಮಗ, ಆ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯಿಂದ ಶಿಕ್ಷಣ, ಉದ್ಯೋಗದಲ್ಲಿ ಸಿಕ್ಕ ಮೀಸಲಾತಿಯ ನೆನಪಿದೆ. ನಮ್ಮಲ್ಲಿ ಆ ಜಾಗದಲ್ಲಿ ಭಜನಾ ಮಂದಿರವಿದೆ. ದುಡ್ಡು ಎಲ್ಲ ಕಡೆಗೂ ಒಂದೇ, ಅದನ್ನು ಯಾರ ಹೆಸರಿನಲ್ಲಿ ನೆನೆಯಬೇಕೆಂಬುದನ್ನು ಊರು ನಿರ್ಧರಿಸುತ್ತದೆ.

ಇನ್ನು ನಿಮ್ಮ "ವಿಚಾರವಂತ ಉಳ್ಳವರು". 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟು ಮತದಾನವಾದರೆ ಮಂಡ್ಯದಲ್ಲಿ ಶೇ 81 ದಾಟಿತ್ತು. ತೆರಿಗೆ ವಿನಾಯಿತಿ ಬಂದಾಗ ಹಿಗ್ಗುವ ಸಂಬಳದಾರನನ್ನು ಯಾರೂ ಮತ ಮಾರಿಕೊಂಡವನೆನ್ನುವುದಿಲ್ಲ. ಎರಡು ಸಾವಿರ ಪಡೆದೂ ತನ್ನಿಷ್ಟದಂತೆ ಮತ ಹಾಕಿದ ಹೆಂಗಸಿಗೆ ಮಾತ್ರ ಆ ಅಪವಾದವೇಕೆ? ಆದಾಯದ ಅಂಕಿ ಬದಿಗಿಡಿ. ನಿಮ್ಮೂರಿನ ಒಂದು ಬೂತ್ ಆರಿಸಿಕೊಂಡು, ಅಲ್ಲಿ ಮದುವೆ, ಸಾವು, ಆಸ್ಪತ್ರೆ ಎಂದಾಗ ಮೊದಲು ಬರುವವರು ಯಾರೆಂದು ಮನೆಮನೆಗೆ ಹೋಗಿ ಕೇಳಿ.