ಉಕ್ರೇನಿನ ಜನಪದ ಹಾಡು ಇಂದಿನ ಜಾಗತಿಕ ಸಂಗೀತದೊಡನೆ ಬೆರೆತರೂ ತನ್ನ ಗುರುತನ್ನು ಹೇಗೆ ಉಳಿಸಿಕೊಳ್ಳುತ್ತದೆ?

ಮುಖ್ಯವಾಗಿ ಕಂಠದಿಂದ ಎಂಬುದು ನನ್ನ ಅಭಿಪ್ರಾಯ. ಉಕ್ರೇನಿನ ಹಳ್ಳಿಗಳ ಹೆಂಗಸರು ಬಯಲಿನಲ್ಲಿ ದೂರದವರೆಗೂ ಕೇಳಿಸುವಂತೆ, ಸ್ವರವನ್ನು ಅಲುಗಿಸದೆ, ಎದೆಯಿಂದ ನೇರವಾಗಿ ಎತ್ತಿ ಹಾಡುವ ಕ್ರಮವೊಂದಿದ್ದು, ‘ಬಿಳಿ ಧ್ವನಿ’ ಎಂದು ಕರೆಯಲಾಗುವ ಅದನ್ನು ಕೈಬಿಡದಿದ್ದರೆ ಹಿನ್ನೆಲೆಯಲ್ಲಿ ಯಾವ ವಾದ್ಯ ನುಡಿದರೂ ಹಾಡಿನ ಮೂಲ ಮರೆಯಾಗುವುದಿಲ್ಲ.

2004ರಲ್ಲಿ ಕೀವ್ ನಗರದ ದಾಖ್ ರಂಗಕೇಂದ್ರದಲ್ಲಿ ನಿರ್ದೇಶಕ ವ್ಲಾದಿಸ್ಲಾವ್ ತ್ರೊಯಿತ್ಸ್ಕಿ ಕಟ್ಟಿದ ‘ದಾಖಾಬ್ರಾಖಾ’ ತಂಡ ಇದಕ್ಕೆ ಒಳ್ಳೆಯ ಉದಾಹರಣೆ. ಮೂವರು ಮಹಿಳೆಯರು ಮತ್ತು ಒಬ್ಬ ಪುರುಷ ಇರುವ ಈ ತಂಡವು ಹಳ್ಳಿಗಳಿಂದ ಸಂಗ್ರಹಿಸಿದ ಹಾಡುಗಳಿಗೆ ಅಕಾರ್ಡಿಯನ್, ಆಫ್ರಿಕದ ಜೆಂಬೆ ಡೋಲು, ಅಷ್ಟೇ ಏಕೆ, ನಮ್ಮ ತಬಲಾವನ್ನೂ ಜೋಡಿಸಿದೆ. ವಯೊಲಿನ್ ಜಾತಿಯ ದೊಡ್ಡ ವಾದ್ಯವಾದ ಇವರ ಚೆಲ್ಲೋವನ್ನು ಗಮನಿಸಿ ಕೇಳಬೇಕು: ಅದು ಕೆಲವೊಮ್ಮೆ ಕಮಾನಿನಿಂದ ಶ್ರುತಿಯಂತೆ ಎಳೆದು ನಿಲ್ಲುತ್ತದೆ, ಕೆಲವೊಮ್ಮೆ ಬೆರಳಿನ ಮೀಟಿನಿಂದ ರಾಕ್ ತಂಡದ ಬೇಸ್ ಗಿಟಾರಿನ ಕೆಲಸ ಮಾಡುತ್ತದೆ.

ಉಕ್ರೇನಿನದೇ ಆದ ‘ಗೋ ಎ’ ತಂಡದ ದಾರಿ ಬೇರೆ. 2021ರ ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಗೀತಸ್ಪರ್ಧೆಯಲ್ಲಿ ಐದನೆಯ ಸ್ಥಾನ ಪಡೆದ ಅದರ ‘ಶುಮ್’ ಗೀತೆಯು ವಸಂತವನ್ನು ಕರೆಯುವ ಹಳೆಯ ಆಚರಣೆಯ ಹಾಡಿನಿಂದ ಹುಟ್ಟಿದ್ದು, ಸೊಪಿಲ್ಕಾ ಎಂಬ ಕೊಳಲು ಮತ್ತು ಎಲೆಕ್ಟ್ರಾನಿಕ್ ತಾಳದೊಡನೆ ಹೊರಟು, ಕೊನೆಗೆ ಲಯವನ್ನು ಏರಿಸುತ್ತಾ ಹೋಗುತ್ತದೆ. ಅಷ್ಟು ವೇಗದಲ್ಲೂ ಗಾಯಕಿಯ ಕಂಠ ಮಾತ್ರ ಹಳ್ಳಿಯದೇ.