ಸೂರ್ಯನಿಗೆ ಬೆನ್ನು ಹಾಕಿ ಗ್ರಹಣ ನೋಡಿ

ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "2027ರ ಆಗಸ್ಟ್ 2ಕ್ಕೆ ಸೂರ್ಯಗ್ರಹಣ ಇದೆ. ಅವತ್ತು ಸೋಮವಾರ, ಶಾಲೆ ಇರುತ್ತದೆ. ನಮ್ಮಲ್ಲಿ 140 ಮಕ್ಕಳು. ಎಲ್ಲರಿಗೂ ಗ್ರಹಣದ ಕನ್ನಡಕ ಕೊಳ್ಳುವಷ್ಟು ದುಡ್ಡಿಲ್ಲ. 2019ರ ಡಿಸೆಂಬರ್ ಗ್ರಹಣದಲ್ಲಿ ಹೆದರಿ ಕಿಟಕಿ ಬಾಗಿಲು ಹಾಕಿ ಮಕ್ಕಳನ್ನು ಒಳಗೇ ಕೂರಿಸಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ. ಸಗಣಿ ನೀರಿನಲ್ಲಿ ನೋಡಿದರೆ ಏನೂ ಆಗಲ್ಲ ಅಂತ ನಮ್ಮ ಅತ್ತೆ ಹೇಳುತ್ತಾರೆ. ಏನೂ ಕೊಳ್ಳದೆ ಮಕ್ಕಳಿಗೆ ಗ್ರಹಣ ತೋರಿಸಲು ಆಗುತ್ತಾ?"

ಸಂಪಾದಕರ ಉತ್ತರ:

ನಮಸ್ಕಾರ ಅಕ್ಕೋರೆ,

ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಅದನ್ನು ಹೇಳುವ ಮೊದಲು, ಬಾಗಿಲು ಹಾಕಿ ಕೂರಿಸಿದ್ದಕ್ಕೆ ನೀವು ನೊಂದುಕೊಳ್ಳಬೇಡಿ. ಹಾಗೆ ಒಳಗೆ ಕೂತ ಮಕ್ಕಳಲ್ಲಿ ನಾನೂ ಒಬ್ಬ.

1980ರ ಫೆಬ್ರುವರಿ 16. ಅವತ್ತು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಒಳಗೆ ಬಂದು ಹುಬ್ಬಳ್ಳಿ, ಗದಗ, ರಾಯಚೂರು ಹಾದು ಹೋಯಿತು. ನಿಮ್ಮ ಕೊಪ್ಪಳವೂ ಆ ದಾರಿಯಲ್ಲಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಉಪಕರಣ ಹೂಡಿಕೊಂಡು ಕಾದು ಕೂತಿದ್ದರು. ಗದಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಾತ್ರ ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಅಜ್ಜಿ ನಮ್ಮನ್ನೆಲ್ಲ ಒಳಗೆ ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿ, ಪಡುವಣದ ಬಾಗಿಲಿಗೆ ಅಗಳಿ ಹಾಕಿದಳು.

ಆ ಬಾಗಿಲಲ್ಲಿ ಒಂದು ತೂತಿತ್ತು. ಯಾವಾಗಲೋ ಮೊಳೆ ಕಿತ್ತ ಜಾಗ. ಮಧ್ಯಾಹ್ನ ಎರಡರ ಮೇಲೆ ಅದರಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ರೂಪಾಯಿ ನಾಣ್ಯದಷ್ಟು ಬಿದ್ದಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ನಾನು ಅದನ್ನೇ ನೋಡುತ್ತಾ ಕೂತೆ. ನಾಣ್ಯದ ಒಂದು ಅಂಚನ್ನು ಯಾರೋ ಕಚ್ಚಿದ ಹಾಗಾಯಿತು. ಆಮೇಲೆ ಅರ್ಧವಾಯಿತು. ಆಮೇಲೆ ಕುಡುಗೋಲಿನಂತಾಯಿತು. ಕೊನೆಗೆ ಗೆರೆಯಂತಾಗಿ, ಆರಿಯೇ ಹೋಯಿತು. ಮನೆಯೊಳಗೆ ಕತ್ತಲು. ಹೊರಗೆ ಎಲ್ಲೋ ನಾಯಿ ಊಳಿಟ್ಟಿತು. ಎರಡೂವರೆ ನಿಮಿಷ ಕಳೆದಿರಬೇಕು, ನೆಲದ ಮೇಲೆ ಮತ್ತೆ ಗೆರೆ ಮೂಡಿತು, ಈ ಸಲ ಆಚೆ ಬದಿಯಲ್ಲಿ.

ನಾನು ನೋಡಿದ್ದು ಗ್ರಹಣವನ್ನೇ ಅಂತ ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು. ಗ್ರಹಣ ಒಳಗೆ ಬರಬಾರದು ಅಂತ ಅಜ್ಜಿ ಬಾಗಿಲು ಹಾಕಿದಳು. ಅದು ಮೊಳೆ ತೂತಿನಿಂದ ಒಳಗೆ ಬಂದು ನನ್ನ ಕಾಲ ಬಳಿ ಕೂತಿತ್ತು.

ಅಕ್ಕೋರೆ, ನಿಮ್ಮ ಪ್ರಶ್ನೆಗೆ ಉತ್ತರ ಆ ತೂತಿನಲ್ಲೇ ಇದೆ. ಬೆಳಕು ನೇರ ದಾರಿಯಲ್ಲಿ ಹೋಗುತ್ತದೆ. ಸೂರ್ಯನ ಮೇಲಿನ ಅಂಚಿನಿಂದ ಬಂದ ಬೆಳಕು ತೂತು ದಾಟಿ ಕೆಳಗೆ ಬೀಳುತ್ತದೆ, ಕೆಳಗಿನ ಅಂಚಿನದು ಮೇಲೆ ಬೀಳುತ್ತದೆ. ಹೀಗೆ ಸೂರ್ಯನ ತಲೆಕೆಳಗಾದ ಚಿತ್ರ ನೆಲದ ಮೇಲೆ ಮೂಡುತ್ತದೆ. ನಿಮ್ಮ ಮಕ್ಕಳಿಗೆ ಇದನ್ನು ತೋರಿಸಲು ಗ್ರಹಣದವರೆಗೂ ಕಾಯಬೇಕಿಲ್ಲ. ಹಂಪಿಗೆ ಕರೆದುಕೊಂಡು ಹೋಗಿ. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕಿನಲ್ಲಿ, ಒಂಬತ್ತು ಅಂತಸ್ತಿನ ದೊಡ್ಡ ಗೋಪುರ ತಲೆಕೆಳಗಾಗಿ ಮೂಡಿರುತ್ತದೆ. ಆ ಕಿಂಡಿ ಗೋಪುರಕ್ಕೆ ಮಾಡಿದ್ದನ್ನೇ ನಮ್ಮ ಮನೆಯ ತೂತು ಸೂರ್ಯನಿಗೆ ಮಾಡಿತು.

ಶಾಲೆಯ ಅಂಗಳದಲ್ಲಿ ಹೊಂಗೆ ಮರ, ಬೇವಿನ ಮರ ಏನಾದರೂ ಇದೆಯಾ? ನಾಳೆಯೇ ಮಕ್ಕಳನ್ನು ಅದರಡಿ ನಿಲ್ಲಿಸಿ. ಎಲೆಗಳ ಸಂದು ಒಂದೊಂದು ಒಂದೊಂದು ಆಕಾರ. ಆದರೂ ನೆಲದ ಮೇಲಿನ ಬಿಸಿಲ ಚುಕ್ಕೆಗಳು ಹೆಚ್ಚುಕಡಿಮೆ ದುಂಡಗಿರುತ್ತವೆ. ಯಾಕೆ ಅಂತ ಕೇಳಿ. ಅವು ಸಂದಿನ ಆಕಾರವಲ್ಲ, ಸೂರ್ಯನ ಚಿತ್ರ. ಗ್ರಹಣದ ದಿನ ಅದೇ ಮರದಡಿ ಅಂಚು ಕಚ್ಚಿದ ನೂರಾರು ನಾಣ್ಯಗಳು ಬಿದ್ದಿರುತ್ತವೆ. ಇದಕ್ಕಿಂತ ಚೆಂದದ ನೋಟ ನನಗೆ ಗೊತ್ತಿಲ್ಲ.

140 ಮಕ್ಕಳು ಒಟ್ಟಿಗೆ ನೋಡಬೇಕು ಅಂದರೆ ಕನ್ನಡಿಯೇ ಒಳ್ಳೆಯದು. ಸಣ್ಣ ಕನ್ನಡಿಗೆ ದಪ್ಪ ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್ ತೂತು ಬಿಡಿ. ತೂತು ಚೌಕಾಗಿದ್ದರೂ ಪರವಾಗಿಲ್ಲ. ಕನ್ನಡಿಯನ್ನು ಹೊರಗೆ ಬಿಸಿಲಲ್ಲಿ, ಮರಳು ತುಂಬಿದ ಡಬ್ಬಿಯಲ್ಲಿ ಊರಿ, ಬೆಳಕನ್ನು ಕತ್ತಲೆ ಮಾಡಿದ ತರಗತಿಯ ಗೋಡೆಗೆ ಹಾಯಿಸಿ. ಲೆಕ್ಕ ಸುಲಭ. ಕನ್ನಡಿಯಿಂದ ಗೋಡೆಗೆ ಪ್ರತಿ ಒಂದು ಮೀಟರ್ ದೂರಕ್ಕೆ ಚಿತ್ರ ಸುಮಾರು 9 ಮಿಲಿಮೀಟರ್ ಅಗಲವಾಗುತ್ತದೆ. 10 ಮೀಟರ್ ಆದರೆ 9 ಸೆಂಟಿಮೀಟರ್. 20 ಮೀಟರ್ ಆದರೆ 18, ಅಂದರೆ ಒಂದು ಸಣ್ಣ ತಟ್ಟೆಯಷ್ಟು. ದೂರ ಕಡಿಮೆಯಾದರೆ ಬರೀ ತೂತಿನ ಆಕಾರ ಕಾಣುತ್ತದೆ, ದೂರ ಹೋದಂತೆ ಸೂರ್ಯ ಕಾಣುತ್ತಾನೆ. ಸೂರ್ಯ ಸರಿಯುತ್ತಾ ಹೋಗುವುದರಿಂದ ಆಗಾಗ ಕನ್ನಡಿ ತಿರುಗಿಸಬೇಕು. ಆ ಕೆಲಸ ದೊಡ್ಡ ಮಕ್ಕಳಿಗೆ ಕೊಡಿ. ಆದರೆ ಕನ್ನಡಿಯ ಬೆಳಕು ಯಾರ ಕಣ್ಣಿಗೂ ಬೀಳದಂತೆ ನೀವು ಪಕ್ಕದಲ್ಲೇ ನಿಂತಿರಬೇಕು.

ಮನೆಯಿಂದ ಬೂಂದಿ ಕರಿಯುವ ಜಾರಿ ಸೌಟು ತರಲು ಹೇಳಿ. ಬಿಸಿಲಿಗೆ ಹಿಡಿದು ಕೆಳಗೆ ಬಿಳಿ ಹಾಳೆ ಇಟ್ಟು, ಮೆಲ್ಲಗೆ ಮೇಲೆತ್ತುತ್ತಾ ಹೋಗಲಿ. ಏನೂ ಇಲ್ಲದಿದ್ದರೆ ಎರಡೂ ಕೈಯ ಬೆರಳುಗಳನ್ನು ಅಡ್ಡಡ್ಡ ಇಟ್ಟ ಸಂದು ಸಾಕು. ಒಂದೇ ನಿಯಮ: ಬೆನ್ನು ಸೂರ್ಯನ ಕಡೆ, ಕಣ್ಣು ನೆಲದ ಕಡೆ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ಯಾರೂ ನೋಡಬಾರದು.

ಇನ್ನು ಸಗಣಿ ನೀರಿನ ವಿಷಯ. ನಿಮ್ಮ ಅತ್ತೆಯವರ ಮಾತಿನಲ್ಲಿ ಒಂದು ತಿಳುವಳಿಕೆ ಇದೆ: ನೇರ ನೋಡಬೇಡ ಅಂತ. ಅದು ಪೂರ್ತಿ ಸರಿ. ಆದರೆ ನೀರು ಕಾಪಾಡುವುದಿಲ್ಲ. ಸೂರ್ಯನನ್ನು ನೋಡಲು ಮಾಡಿದ ಒಳ್ಳೆಯ ಫಿಲ್ಟರ್ ಲಕ್ಷದಲ್ಲಿ ಹೆಚ್ಚುಕಡಿಮೆ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗಲೂ ನೀರು ನೂರಕ್ಕೆ ಎರಡು ಪಾಲು ಹಿಂದಕ್ಕೆ ಕಳಿಸುತ್ತದೆ. ಸಂಜೆ ಸೂರ್ಯ ಇಳಿದಾಗ ಇನ್ನೂ ಜಾಸ್ತಿ. ನಿಮ್ಮ ಗ್ರಹಣ ಆಗುವುದು ಸಂಜೆಯ ಕಡೆಗೇ. ಎಕ್ಸ್‌ರೇ ಫಿಲ್ಮ್, ಹೊಗೆ ಹಿಡಿಸಿದ ಗಾಜು, ತಂಪು ಕನ್ನಡಕ, ಎಲ್ಲವೂ ಬೇಡವೇ ಬೇಡ.

ಗ್ರಹಣದ ಹೊತ್ತಿನಲ್ಲಿ ಸೂರ್ಯನಿಂದ ಹೊಸ ವಿಷವೇನೂ ಬರುವುದಿಲ್ಲ. ಬೇರೆ ದಿನ ಸೂರ್ಯನ ಕಡೆ ತಿರುಗಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಗ್ರಹಣದಲ್ಲಿ ಪ್ರಖರತೆ ತಗ್ಗಿದ್ದರಿಂದ ದಿಟ್ಟಿಸಲು ಸಾಧ್ಯವಾಗುತ್ತದೆ. ಉಳಿದ ಚೂರು ಮಾತ್ರ ಮೊದಲಿನಷ್ಟೇ ಸುಡುತ್ತದೆ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ. ಹಾನಿಯಾದದ್ದು ಗಂಟೆಗಳ ನಂತರ, ಕೆಲವರಿಗೆ ಮರುದಿನ, ನೋಟದ ನಡುವೆ ಮಸುಕು ಬಂದಾಗ ತಿಳಿಯುತ್ತದೆ. ಇದನ್ನು ಮಕ್ಕಳಿಗೆ ಹೆದರಿಸದೆ, ಆದರೆ ಖಡಕ್ಕಾಗಿ ಹೇಳಿ. ಪೂರ್ಣ ಗ್ರಹಣದ ಆ ಕೆಲವು ನಿಮಿಷ ಬರಿಗಣ್ಣಿನಲ್ಲಿ ನೋಡಬಹುದು ಅಂತ ಎಲ್ಲಾದರೂ ಓದಿರುತ್ತೀರಿ. ಅದು ನಿಜ. ಆದರೆ 2027ರಲ್ಲಿ ಆ ಭಾಗ್ಯ ಈಜಿಪ್ಟಿನ ಲಕ್ಸರ್‌ನಂಥ ಊರುಗಳಿಗೆ, ಅಲ್ಲಿ ಆರು ನಿಮಿಷಕ್ಕೂ ಜಾಸ್ತಿ. ನಮಗೆ ಸಿಗುವುದು ಪಾರ್ಶ್ವ ಗ್ರಹಣ ಮಾತ್ರ. ಹಾಗಾಗಿ ಇಲ್ಲಿ ಒಂದು ಕ್ಷಣವೂ ಬರಿಗಣ್ಣು ಸಲ್ಲದು.

2019ರ ಆ ಗ್ರಹಣದ ದಿನವೇ ಕಲಬುರಗಿ ಕಡೆಯಿಂದ ಬಂದ ಸುದ್ದಿ ನಿಮಗೂ ನೆನಪಿರಬೇಕು. ವಾಸಿಯಾಗುತ್ತದೆ ಅಂತ ನಂಬಿ ವಿಶೇಷಚೇತನ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಂದೆತಾಯಿಗಳಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಅವತ್ತು ಮಕ್ಕಳನ್ನಷ್ಟೇ ಅಲ್ಲ, ಅಪ್ಪ ಅಮ್ಮಂದಿರನ್ನೂ ಶಾಲೆಗೆ ಕರೆಯಿರಿ. ಗೋಡೆಯ ಮೇಲಿನ ಸೂರ್ಯನನ್ನು ಅವರೂ ನೋಡಲಿ.

ಆಗಸ್ಟ್ ಅಂದರೆ ಮೋಡದ ಕಾಲ, ಅದೊಂದು ಕೊರಗು. ಕರಾವಳಿ, ಮಲೆನಾಡಿಗಿಂತ ನಿಮ್ಮ ಬಯಲುಸೀಮೆಯಲ್ಲಿ ಬಿಸಿಲು ಇಣುಕುವ ಆಸೆ ಇಟ್ಟುಕೊಳ್ಳಬಹುದು. ಹಿಂದಿನ ವಾರ ಅದೇ ಹೊತ್ತಿಗೆ ಕನ್ನಡಿ ಇಟ್ಟು ನೋಡಿ. ಬಿಸಿಲು ಯಾವ ಕಿಟಕಿಗೆ ಬರುತ್ತದೆ ಅಂತ ಗುರುತು ಮಾಡಿಟ್ಟುಕೊಳ್ಳಿ.

ಅತ್ತೆಯವರು ಹೊರಗೆ ಬರಲು ಒಪ್ಪದಿದ್ದರೆ ಬಲವಂತ ಮಾಡಬೇಡಿ. ಪಡುವಣ ಕಡೆಯ ಕಿಟಕಿಗೆ ರಟ್ಟು ಕಟ್ಟಿ, ಮೊಳೆಯಿಂದ ಒಂದು ತೂತು ಮಾಡಿ, ಬೆಳಕು ಬೀಳುವ ಕಡೆ ಅವರಿಗೊಂದು ಮಣೆ ಹಾಕಿಕೊಡಿ.