ವಾಲ್ಯೂಮ್ ತಿರುಗಿಸಿದರೆ ಕರಕರ: ಪಾಟ್ ಬದಲಿಸೋ ಮುಂಚೆ

ಸರ್, ನಾಪೋಕ್ಲಿನ ಮನೆಯಲ್ಲಿರೋ ವಾಲ್ವ್ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗಲೆಲ್ಲ ಕರಕರ ಅನ್ನುತ್ತೆ, ಪಾಟ್ (ಗುಂಡಿಯ ಹಿಂದೆ ಶಬ್ದ ಹೆಚ್ಚು-ಕಡಿಮೆ ಮಾಡೋ ಭಾಗ, ಪೊಟೆನ್ಶಿಯೋಮೀಟರ್) ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಆನ್-ಆಫ್ ಸ್ವಿಚ್ ಸಮೇತ, ಅದೇ ಉದ್ದದ ಕಡ್ಡಿ ಇರೋ ಪಾಟ್ ಈಗ ಸಿಗೋದು ಕಷ್ಟ, ಇರೋದನ್ನೇ ಉಳಿಸಿಕೊಳ್ಳಿ.

ನಮ್ಮ ಕೊಡಗಿನ ಮಳೆಗಾಲದ ತೇವಕ್ಕೆ ಒಳಗಿನ ಕಾರ್ಬನ್ ಪಟ್ಟಿ ಮೇಲೆ ಕೊಳೆ ಕೂರುತ್ತೆ, ಅದರ ಮೇಲೆ ಜಾರೋ ಲೋಹದ ನಾಲಿಗೆಗೆ ಕಿಲುಬು ಹಿಡಿಯುತ್ತೆ. ಮೊದಲು ಪ್ಲಗ್ ಕೀಳಿ. ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಟ್ಟುಕೊಳ್ಳೋ ಫಿಲ್ಟರ್ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರ್ ಇಟ್ಟು ನೋಡದೆ ಒಳಗೆ ಕೈ ಹಾಕಲೇಬೇಡಿ, ಅಲ್ಲಿ 200 ವೋಲ್ಟಿಗೂ ಮೇಲೆ ನಿಂತಿರಬಹುದು.

ಪಾಟಿನ ಮೂರು ಕಾಲುಗಳು ಹೊರಬರೋ ಕಡೆ ಸಣ್ಣ ಸಂದು ಕಾಣುತ್ತೆ. ಲೂಬ್ರಿಕೆಂಟ್ ಇರೋ ಕಾಂಟ್ಯಾಕ್ಟ್ ಕ್ಲೀನರನ್ನು ಅಲ್ಲಿ ಒಂದೇ ಸಲ ಚಿಮ್ಮಿಸಿ, ಈ ತುದಿಯಿಂದ ಆ ತುದಿಗೆ 20-30 ಸಲ ತಿರುಗಿಸಿ. ತುಕ್ಕು ಬಿಡಿಸೋ ಸ್ಪ್ರೇ, ಹೊಲಿಗೆ ಮಿಷನ್ ಎಣ್ಣೆ ದಯವಿಟ್ಟು ಬೇಡ. ರಾತ್ರಿಯಿಡೀ ಒಣಗಲಿ.

ಆಮೇಲೂ ಕರಕರ ಹಾಗೇ ಇದ್ದರೆ ಶಬ್ದದ ಸಿಗ್ನಲನ್ನು ದಾಟಿಸಿ ಡಿಸಿ ಕರೆಂಟನ್ನು ತಡೆಯೋ ಕಪ್ಲಿಂಗ್ ಕೆಪಾಸಿಟರ್ ಸೋರಿ ಪಾಟಿಗೆ ಡಿಸಿ ಬರುತ್ತಿರಬಹುದು, ಅದನ್ನು ಬದಲಿಸಿ. ಒಂದೇ ಜಾಗದಲ್ಲಿ ಶಬ್ದ ಪೂರ್ತಿ ಕಡಿದುಹೋದರೆ ಮಾತ್ರ ಪಟ್ಟಿ ಸವೆದಿದೆ ಅಂತ. ಆಗ ಅಷ್ಟೇ ಓಮಿನ ಪಾಟ್ ಹಾಕಿ, ಲೀನಿಯರ್ (ತಿರುಗಿಸಿದಷ್ಟೂ ಓಮ್ ಒಂದೇ ಸಮ ಏರೋದು) ಅಲ್ಲ, ಲಾಗ್ (ಮೊದಲು ನಿಧಾನ, ಆಮೇಲೆ ಬೇಗ ಏರೋದು).